ಬಚ್ಚಲೊಲೆಯ ಮುಂದೆ ಬ್ಯಾಂಜೋ

ನನಗೆ ಬ್ಯಾಂಜೋ ಕಲಿಸಿದವರು ಎರಡು ವರ್ಷದ ಮಟ್ಟಿಗೆ ಮಣಿಪಾಲಕ್ಕೆ ಪಾಠ ಹೇಳಲು ಬಂದಿದ್ದ ಅಮೆರಿಕದ ಮಾಸ್ಟ್ರು. ಅಪಲೇಷಿಯನ್ ಬೆಟ್ಟಗಳ ನಡುವಿನ ಗಣಿಯೂರಿನವರು. ಗಣಿ ಕೆಲಸ ಮುಗಿಸಿ ಬಂದವರು ಜಗಲಿಯಲ್ಲಿ ಕೂತು ಇದನ್ನು ನುಡಿಸುತ್ತಿದ್ದರಂತೆ. ಬ್ಲೂಗ್ರಾಸ್ ಎಂಬ ಆ ಬೆಟ್ಟದ ಸಂಗೀತಕ್ಕೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ನಿಲ್ಲದೆ ಓಡಬೇಕು. ಅವರ ಐದು ತಂತಿಯ ಬ್ಯಾಂಜೋ ಅವರ ಅಜ್ಜನದು. ಅದರ ದುಂಡು ಮರದ ಮೇಲಿನ ಆಡಿನ ಚರ್ಮವನ್ನು ಅಜ್ಜನೇ ಕೈಯಾರೆ ಕೂರಿಸಿದ್ದು. ಬೇರೆಯವರೆಲ್ಲ ಪ್ಲಾಸ್ಟಿಕ್ಕಿಗೆ ಹೋದರೂ ಮಾಸ್ಟ್ರು ಅದನ್ನು ಬದಲಿಸಿರಲಿಲ್ಲ.

ಒಮ್ಮೆ ದೆಹಲಿಗೆ ಹೊರಟವರು, “ನಾಲ್ಕು ದಿನ ನಿನ್ನ ಹತ್ತಿರ ಇರಲಿ, ಅಭ್ಯಾಸ ಮಾಡು” ಎಂದು ಅದನ್ನು ನನಗೆ ಕೊಟ್ಟರು. ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಮ್ಮೂರು ಕಾಪುವಿನ ಬಸ್ಸು ಹತ್ತಿದೆ.

ಆಟಿ ತಿಂಗಳು, ಜೋರು ಮಳೆಗಾಲ. ನಮ್ಮ ಮನೆಯಿಂದ ಕಡಲು ಕೂಗಳತೆ ದೂರ. ಎರಡನೇ ದಿನಕ್ಕೆ ಚರ್ಮ ಜೋತುಬಿತ್ತು. ತಂತಿ ಮೀಟಿದರೆ ಒದ್ದೆ ರಟ್ಟು ಬಡಿದ ಸದ್ದು. ಸುತ್ತಲಿನ ತಿರುಪುಗಳನ್ನೆಲ್ಲ ಬಿಗಿ ಮಾಡಿದೆ. ಮಾರನೇ ದಿನ ಮತ್ತೆ ಜೋತುಬಿತ್ತು, ಮತ್ತೆ ಬಿಗಿದೆ.

ಹುಲಿವೇಷದ ಕುಣಿತಕ್ಕೆ ತಾಸೆ ಎಂಬ ಚರ್ಮವಾದ್ಯ ಬಾರಿಸುವ ನನ್ನ ಸೋದರಮಾವ ಬಂದವರು ನೋಡಿ ನಕ್ಕರು.

“ಎಂತ ಮಾರಾಯ, ಚರ್ಮ ಅಲ್ವಾ ಇದು? ಬೆಂಕಿ ತೋರಿಸು, ಸರಿ ಆಗ್ತದೆ.”

“ಇದು ಅಮೆರಿಕದ್ದು ಮಾವ.”

“ಅಮೆರಿಕದ ಆಡಿಗೆ ಬೇರೆ ಚರ್ಮ ಉಂಟಾ?”

ಕುಣಿತಕ್ಕೆ ಮೊದಲು ತೆಂಗಿನ ಒಣ ಮಡಲಿಗೆ ಬೆಂಕಿ ಕೊಟ್ಟು ತಾಸೆ ಕಾಯಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದವನು. ನಂಬಿದೆ. ಬಚ್ಚಲೊಲೆಯ ಮುಂದೆ ಮಣೆ ಹಾಕಿ ಕೂತು ಬ್ಯಾಂಜೋವನ್ನು ಉರಿಗೆ ಹಿಡಿದೆ. ಸ್ವರ ಏರತೊಡಗಿತು. ಖುಷಿಯಾಗಿ ಇನ್ನೂ ಹತ್ತಿರ ಹಿಡಿದೆ. ಮಾವನ ಹಳೇ ತಾಸೆಗೆ ತಿರುಪಿಲ್ಲ, ಇದಕ್ಕೆ ಇದೆ, ಅದನ್ನು ಎರಡು ಸಲ ನಾನೇ ಬಿಗಿದಿದ್ದೇನೆ, ಬಿಸಿ ಈಗ ಇನ್ನೂ ಬಿಗಿಯುತ್ತಿದೆ ಎಂದು ಹೊಳೆಯುವಷ್ಟರಲ್ಲಿ ಟಪ್ಪೆಂದಿತು. ಚರ್ಮ ಅಂಚಿನಿಂದ ಅಂಚಿಗೆ ಸೀಳಿತ್ತು.

ಮಾವ ಕೊಡೆ ಬಿಡಿಸಿ ನಡೆದೇಬಿಟ್ಟರು. ಇನ್ನು ಮಾಸ್ಟ್ರು ನನ್ನನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬ ಹೆದರಿಕೆಗೆ ಆ ದಿನ ಊಟವೂ ಸೇರಲಿಲ್ಲ. ಮಾಸ್ಟ್ರು ಮರಳಿದ ದಿನ ಬಸ್ಸಿನಲ್ಲಿ ಉಡುಪಿಯವರೆಗೂ ಒಂದು ಸುಳ್ಳನ್ನು ಬಾಯಿಪಾಠ ಮಾಡಿದೆ. ಮಣಿಪಾಲದ ಏರು ಹತ್ತುವಾಗ, ಇಳಿದು ವಾಪಸು ಹೋಗೋಣ ಎಂದು ಎರಡು ಸಲ ಎದ್ದು ನಿಂತಿದ್ದೆ.

ಅವರು ಪೆಟ್ಟಿಗೆ ತೆರೆದರು.

“ಕಡಲ ಗಾಳಿಗೆ ತಾನಾಗಿ ಬಿರಿಯಿತು ಸರ್” ಎಂದೆ.

ಅವರು ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿ, ಚರ್ಮ ಎತ್ತಿ, ಮೂಗಿನ ಹತ್ತಿರ ಹಿಡಿದರು. ಆಮೇಲೆ ಮರದ ಒಳಮೈ ನನ್ನ ಕಡೆ ತಿರುಗಿಸಿದರು. ಅಲ್ಲೊಂದು ಹಳೆಯ ಸುಟ್ಟ ಕಲೆ ಇತ್ತು.

“ಇದಕ್ಕಿಂತ ಮೊದಲಿನ ಚರ್ಮವನ್ನು ಅಜ್ಜ ಒಲೆಗೆ ಹಿಡಿದು ಒಡೆದಿದ್ದರು. ಬೆಟ್ಟದ ಮಂಜಿಗೆ ಬಿರಿಯಿತು ಎಂದು ಅಜ್ಜಿಗೆ ಹೇಳಿದರು.”

“ಅಜ್ಜಿ ನಂಬಿದರಾ?”

“ಅಜ್ಜಿಗೂ ಮೂಗಿತ್ತು.”

ಅಜ್ಜ ಎಷ್ಟು ದಿನಕ್ಕೆ ನಿಜ ಹೇಳಿದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಚ್ಚಲೊಲೆಯಿಂದ ಹಿಡಿದು ಎಲ್ಲವನ್ನೂ ಅಲ್ಲೇ ನಿಂತು ಹೇಳಿಬಿಟ್ಟೆ.