ಫ್ಲೋರಿನ್ ಬಾಯಿಯವರ ಹಿತ್ತಲ ಗೋಡೆ

ಗೆಳೆಯರೇ, ಇವತ್ತು ದೇರೆಬೈಲಿನಲ್ಲಿ ನಮ್ಮ ಮರ್ಯಾದೆ ಹೋಯಿತು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ನಾನೂ ಹಿರಿಯ ಸಹೋದ್ಯೋಗಿ ಶೆಟ್ಟರೂ ಫ್ಲೋರಿನ್ ಬಾಯಿಯವರ ಹಿತ್ತಲಿನಲ್ಲಿ, ಹೂತುಹೋದ ಹಳೇ ಮನೆಯ ಅಡಿಪಾಯ ಹುಡುಕಲು ಹೋಗಿದ್ದೆವು. ನಾಳೆ ಅದೇ ಹಿತ್ತಲಿನಲ್ಲಿ ಅವರು ಕಕ್ಕಸಿನ ಗುಂಡಿ ತೋಡಿಸುವವರು. ಇವತ್ತು ಜಾಗ ಗೊತ್ತಾಗದಿದ್ದರೆ ಅಡಿಪಾಯ ಹಾರೆಯ ಏಟಿಗೆ ಪುಡಿಯಾದೀತು ಎಂಬ ಆತಂಕ ನಮಗೆ.

ಬೆಳಗಿನಿಂದ ನಾಲ್ಕು ಕಬ್ಬಿಣದ ಸರಳುಗಳನ್ನು ನೆಲಕ್ಕೆ ಊರಿ, ಬ್ಯಾಟರಿಯ ಕರೆಂಟು ಹರಿಸಿ, ಮಣ್ಣು ಅದನ್ನೆಷ್ಟು ತಡೆಯುತ್ತದೆಂದು ಮೀಟರಿನಲ್ಲಿ ನೋಡಿದೆವು. ಕೆಳಗೆ ಕಲ್ಲಿದ್ದರೆ ತಡೆ ಹೆಚ್ಚು. ಕಿತ್ತು, ಒಂದು ಹೆಜ್ಜೆ ಸರಿದು, ಮತ್ತೆ ಊರಿದೆವು. ಬಿಸಿಲಿಗೆ ತಲೆ ಸುತ್ತುವ ಹೊತ್ತಿಗೆ ಹಲಸಿನ ಮರದ ಪಕ್ಕ ಮೀಟರಿನ ಮುಳ್ಳು ಜಿಗಿಯಿತು. ನೆಟ್ಟಗೆ ಒಂದೇ ಸಾಲಿನಲ್ಲಿ ಆರು ಕಡೆ!

"ಗೋಡೆ ಉಂಟು ಮಾರಾಯ!" ಶೆಟ್ಟರು ಕುಣಿದೇಬಿಟ್ಟರು.

ಮಜ್ಜಿಗೆ ತಂದ ಬಾಯಿ ಹೇಳಿದರು: "ಹೌದು, ಅಲ್ಲೇ ಉಂಟು. ಅಲ್ಲಿ ಹುಲ್ಲು ಎಲ್ಲಕ್ಕಿಂತ ಮೊದಲು ಒಣಗ್ತದೆ. ಕೆಳಗೆ ಮುರಕಲ್ಲಿನ ಗೋಡೆ ಅಂತ ನಮ್ಮ ಅತ್ತೆ ಹೇಳ್ತಿದ್ರು."

"ಮತ್ತೆ ಗುಂಡಿ?" ನಾನು ಕೇಳಿದೆ.

"ಅಲ್ಲಿ ಯಾರು ತೋಡ್ತಾರೆ? ಹಾರೆ ಇಳಿಯುದಿಲ್ಲ. ಗುಂಡಿ ಆಚೆ, ತೆಂಗಿನ ಹತ್ರ."

"ಬೆಳಿಗ್ಗೆಯೇ ಹೇಳ್ಲಿಕ್ಕೆ ಎಂತ ಆಗಿತ್ತು ಬಾಯಿ?" ಎಂದರು ಶೆಟ್ಟರು.

"ನೀವು ಎಲ್ಲಿ ಕೇಳಿದ್ದು ಸರ್? ಬಂದವರೇ ಮಷಿನಿನ ಹತ್ರ ಕೇಳ್ಲಿಕ್ಕೆ ಶುರು ಮಾಡಿದ್ರಿ."

ಶೆಟ್ಟರು ಮಜ್ಜಿಗೆ ಕುಡಿದು ಸರಳುಗಳನ್ನು ಕೀಳತೊಡಗಿದರು. ಈಗ ನಾನು ವರದಿ ಬರೆಯಲು ಕುಳಿತಿದ್ದೇನೆ. 'ಬಳಸಿದ ಉಪಕರಣಗಳು' ಎಂಬಲ್ಲಿ ಬಾಯಿಯವರ ಅತ್ತೆಯನ್ನು ಹೇಗೆ ಸೇರಿಸುವುದೆಂದೇ ತಿಳಿಯುತ್ತಿಲ್ಲ.