ಮಾವ ಗಾಳ ಹಾಕಿದ ದಿನ

ನನ್ನ ಕೈಗಳಿಗೆ ಸುಮ್ಮನಿರುವುದು ಗೊತ್ತಿಲ್ಲ. ಈ ವಯಸ್ಸಿನಲ್ಲೂ ಊಟಕ್ಕೆ ಕೂತರೆ ಬಲಗೈ ತಾಟಿನಲ್ಲಿ, ಎಡಗೈ ಚಾಪೆಯ ಎಳೆ ಕೀಳುವುದರಲ್ಲಿ. ಬೈದು ಬೈದು ಮನೆಯವರಿಗೇ ಸಾಕಾಗಿದೆ. ಅಂಥ ಕೈಗಳನ್ನು ನನ್ನ ಅವ್ವ ಒಂದು ಮಳೆಗಾಲ ಪೂರ್ತಿ ಕಟ್ಟಿ ಕೂಡಿಸಿದ್ದಳು.

ಆಗ ನಿಜಾಮರ ರಾಜ್ಯ. ನಾನು ಕಲಬುರಗಿಯ ಬಟ್ಟೆ ಗಿರಣಿಯಲ್ಲಿ ನೂಲಿನ ಕೆಲಸಕ್ಕಿದ್ದೆ. ಶಾಲೆಯಲ್ಲಿ ಕಲಿಸಿದ್ದು ಉರ್ದು. ಈಗ ಬರೆಯುತ್ತಿರುವ ಕನ್ನಡ ಆಮೇಲೆ ಹಟಕ್ಕೆ ಬಿದ್ದು ನಾನೇ ಕಲಿತದ್ದು. ಗಿರಣಿ ಹೊಟ್ಟೆಪಾಡು, ಅಷ್ಟೇ. ಜೀವವೆಲ್ಲ ಊರ ಕೆರೆಯಲ್ಲಿತ್ತು. ಅಪ್ಪ ಬಿಟ್ಟುಹೋದ ಒಂದು ಹರಿಗೋಲು ನನ್ನ ಪಾಲಿಗೆ ಬಂದಿತ್ತು. ಬಿದಿರು ಹೆಣೆದು ಎಮ್ಮೆಯ ತೊಗಲು ಹೊದಿಸಿದ ಗುಂಡನೆಯ ದೋಣಿ. ಇಬ್ಬರು ಕೂತರೆ ಮೂರನೆಯವನು ದಡದಲ್ಲೇ ಇರಬೇಕು. ಶುಕ್ರವಾರ ಗಿರಣಿಗೆ ರಜೆ. ನಸುಕಿನಲ್ಲೇ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಟರೆ, ಗುಡಿಸಲೊಂದು ಎದ್ದು ನಡೆದುಬಂತೆಂದು ಓಣಿಯ ನಾಯಿಗಳೆಲ್ಲ ಬೊಗಳುತ್ತಿದ್ದವು.

ಗಿರಣಿಯಲ್ಲಿ ಬಿಸಾಡುವ ನೂಲಿನ ತುಂಡುಗಳನ್ನು ಹೊಸೆದು, ಜಾಲಿ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ನನ್ನ ಗಾಳದ ದಾರ ಸಿದ್ಧ. ನಾನು ಬೆನ್ನು ಹತ್ತುತ್ತಿದ್ದದ್ದು ಮರಲ ಮೀನನ್ನು. ಕಪ್ಪು ಬೆನ್ನು, ಹಾವಿನ ತಲೆ, ಮಹಾ ಹಠಮಾರಿ. ಕಪ್ಪೆ ಕಂಡರೆ ಬಿಡುವುದಿಲ್ಲ, ಗಾಳಕ್ಕೆ ಸಿಕ್ಕರೂ ಸೋಲು ಒಪ್ಪುವುದಿಲ್ಲ. ಅದರ ಜೊತೆ ಜಗ್ಗಾಡುವಾಗ ಮಾತ್ರ ನನ್ನ ಕೈಗಳಿಗೆ ನೆಮ್ಮದಿ. ಸಂಸಾರಕ್ಕೆ ಇದನ್ನು ತಿಳಿಸಿ ಹೇಳುವುದು ಕಷ್ಟ.

ಆ ವರ್ಷ ನನ್ನ ಹೆಂಡತಿ ಬಸುರಾದಳು. ಅದಕ್ಕೆ ಮೊದಲು ಎರಡು ಸಲ ಆಗಿ ಎರಡೂ ದಕ್ಕಿರಲಿಲ್ಲ. ಎರಡನೆಯದನ್ನು ಮಣ್ಣು ಮಾಡಿ ಬಂದ ಸಂಜೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದ್ದು ನನಗೆ ಈಗಲೂ ಮರೆಯಲಾಗುವುದಿಲ್ಲ. ಹಾಗಾಗಿ ಮೂರನೆಯ ಸಲ ಮನೆಯಲ್ಲಿ ಯಾರೂ ಸಂತೋಷವನ್ನು ಬಾಯಿಬಿಟ್ಟು ಆಡಲಿಲ್ಲ. ಅವ್ವ ಮಾತ್ರ ಗೂಟಕ್ಕೆ ನೇತುಹಾಕಿದ್ದ ಗಾಳ, ದಾರ, ಬೆಂಡು ಎಲ್ಲವನ್ನೂ ತೆಗೆದು ಮಾಡಿನ ಸಂದಿಗೆ ಸಿಕ್ಕಿಸಿದಳು.

"ಆಕಿ ಹೊಟ್ಯಾಗ ಒಂದು ಜೀವ ಬೆಳ್ಯಾಕತ್ತದ. ನಿನ್ನ ಕೈಲೆ ಇನ್ನೊಂದು ಜೀವ ಹೋಗಬಾರದು. ಕೂಸು ಮಡಲಿಗೆ ಬರೂತನಕ ಗಾಳ ಮುಟ್ಟಬ್ಯಾಡ," ಎಂದಳು.

ಬಸುರಿಯ ಗಂಡ ಜೀವ ತೆಗೆಯಬಾರದು ಎನ್ನುವುದು ಹಳೆಯ ಕಟ್ಟಳೆ. ನೀರನ್ನೇ ನಂಬಿದ ನಮ್ಮ ಮಂದಿ ಅದನ್ನು ಅಷ್ಟಾಗಿ ಹಚ್ಚಿಕೊಂಡವರಲ್ಲ. ಹಚ್ಚಿಕೊಂಡರೆ ಒಲೆ ಉರಿಯಬೇಕಲ್ಲ. ಆದರೆ ಎರಡು ಕೂಸು ಕಳೆದುಕೊಂಡ ಮನೆಯಲ್ಲಿ ಯಾವ ಕಟ್ಟಳೆಯೂ ಸಣ್ಣದಾಗಿ ಕಾಣುವುದಿಲ್ಲ. ನಂಬಿದೆನೆಂದು ಹೇಳಲಾರೆ. ನಂಬದೆ ಇರುವ ಧೈರ್ಯ ನನಗಿರಲಿಲ್ಲ.

ಹಾಗೆ ಶುರುವಾಯಿತು ನನ್ನ ವನವಾಸ. ಶುಕ್ರವಾರ ಬಂತೆಂದರೆ ಅಂಡು ಸುಟ್ಟ ಬೆಕ್ಕಿನಂತೆ ಒಳಗೆ ಹೊರಗೆ ತಿರುಗುತ್ತಿದ್ದೆ. ಹೊರಸು ಮಂಚದ ಹಗ್ಗ ಬಿಚ್ಚಿ ಮತ್ತೆ ಹೆಣೆದೆ. ಚೆನ್ನಾಗಿದ್ದ ಬಾಗಿಲ ಚಿಲಕ ಕಿತ್ತು ಕೆಡಿಸಿದೆ. ಮನೆಯಲ್ಲಿ ತಡೆಯಲಾಗದೆ ಮೋಮಿನಪುರದ ಚಹಾದಂಗಡಿಗೆ ಹೋದರೆ, ನನ್ನ ಮೀನಿನ ರುಚಿ ಬಲ್ಲ ಅಂಗಡಿಯ ಚಾಚಾ ಪ್ರತಿಸಲ ಕೈ ನೋಡುವವನೇ. "ಮಛಲಿ ನೈ ಲಾಯೇ ಕ್ಯಾ ಮಿಯಾಂ?" ಮೀನು ತಂದಿಲ್ಲ ಎಂದರೆ ಯಾಕೆಂದು ಕೇಳುತ್ತಾನೆ, ಯಾಕೆಂದು ಹೇಳಿದರೆ ಇಡೀ ಅಂಗಡಿ ನಗುತ್ತದೆ. ಸಿಟ್ಟು ಬಂದು ಅರ್ಧ ಚಹಾ ಬಿಟ್ಟು ಎದ್ದು ಬರುತ್ತಿದ್ದೆ. ಬರುವಾಗ ಕಾಲುಗಳು ತಾವಾಗಿಯೇ ಕೆರೆಯ ಏರಿಗೆ ಎಳೆಯುತ್ತಿದ್ದವು. ನೀರಿನಲ್ಲಿ ಮೀನು ಮಗ್ಗುಲಾದ ಸದ್ದು ಕೇಳಿದರೆ ಕೈ ಇಲ್ಲದ ದಾರವನ್ನು ಜಗ್ಗುತ್ತಿತ್ತು. ಹೆಂಡತಿಯ ಮೇಲೆ, ಅವ್ವನ ಮೇಲೆ, ಹುಟ್ಟದ ಕೂಸಿನ ಮೇಲೂ ರೇಗುತ್ತಿದ್ದೆ. ಮರುಕ್ಷಣವೇ ಬಿಡ್ತು ಅನ್ನು ಎಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದೆ.

ಶ್ರಾವಣ ಮುಗಿದ ಮೇಲೆ ಮಾವ ಕಮಲಾಪುರದಿಂದ ಬಂದ. ಅವನು ಅವ್ವನ ತಮ್ಮ, ನನ್ನ ಸೋದರಮಾವ. ಅವನ ಮಗಳೇ ನನ್ನ ಹೆಂಡತಿ. ಅಲ್ಲಿ ಬಾವಿ ದಂಡೆಗೆ ಬಾಳೆತೋಟ ಮಾಡಿಕೊಂಡು ನೀರಿನ ಕಸುಬಿಗೆ ಎಂದೂ ಇಳಿಯದವನು. ಸೀಮಂತದ ಕುಬುಸ ಮಾಡಿ ಮಗಳನ್ನು ಹೆರಿಗೆಗೆ ಕರೆದೊಯ್ಯಲು ಬಂಡಿ ತಂದಿದ್ದ. ಬಂಡಿಯ ತುಂಬ ಕೆಂಪು ಬಾಳೆಹಣ್ಣಿನ ಗೊನೆ. ಶುಕ್ರವಾರದ ಹಿಂದಿನ ಸಂಜೆ ಎಲ್ಲರೂ ಕೂತಿದ್ದಾಗ ಹೆಂಡತಿ ತಲೆ ತಗ್ಗಿಸಿ, "ಅತ್ತಿ, ನನಗ ಒಂದು ಬಯಕಿ ಅದ. ನಮ್ಮ ಹರಗೋಲದಾಗ ಹಿಡಿದ ಮರಲ ಮೀನ ತಿನ್ನಬೇಕು ಅನಸ್ತದ," ಎಂದಳು.

ಬಜಾರದಿಂದ ತಂದರಾಯಿತು ಎಂದ ಮಾವ. ಬಜಾರದ್ದು ಬೇಡವಂತೆ. ನಮ್ಮ ಹರಿಗೋಲಿನದೇ ಆಗಬೇಕಂತೆ.

ಅವ್ವನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ತೀರಿಸಲು ಹೋದರೆ ಗಂಡನ ಕೈಗೆ ಜೀವಹತ್ಯೆ. ಬಹಳ ಹೊತ್ತು ಯೋಚನೆ ಮಾಡಿ ತೀರ್ಪು ಕೊಟ್ಟಳು. ನಾನು ಹುಟ್ಟು ಹಾಕಬೇಕು, ಮಾವ ಗಾಳ ಹಾಕಬೇಕು. ಕಪ್ಪೆ, ಗಾಳ, ದಾರ, ಮೀನು ಯಾವುದಕ್ಕೂ ನನ್ನ ಕೈ ತಗುಲಬಾರದು.

"ನಾನಾ? ನನಗ ಈಸು ಸುದ್ದಾ ಬರೂದಿಲ್ಲಕ್ಕಾ," ಎಂದ ಮಾವ.

"ಮೀನ ಈಸ್ತದ. ನೀ ಕುಂತಿರು," ಎಂದಳು ಅವ್ವ.

ಮರುದಿನ ನಸುಕಿನಲ್ಲಿ ನೀರಿಗಿಳಿದೆವು. ಮಾವ ಹರಿಗೋಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಮನೆದೇವರನ್ನು ಕರೆಯುತ್ತ ನಡುವೆ ಮುದುಡಿ ಕೂತಿದ್ದ. ಗಾಳ ಹಾಕಲು ಒಂದು ಕೈಯಾದರೂ ಬಿಡಬೇಕಲ್ಲ! ಕೊನೆಗೆ ಬಿಟ್ಟ. ಗಾಳ ಮೊದಲು ನನ್ನ ರುಮಾಲಿಗೆ ಸಿಕ್ಕಿತು, ಆಮೇಲೆ ಅವನದೇ ಧೋತರಕ್ಕೆ. ಕಪ್ಪೆ ಎರಡು ಸಲ ಜಾರಿ ನೀರಿಗೆ ಹಾರಿತು. ನಾನು ಹಲ್ಲು ಕಚ್ಚಿ ಹುಟ್ಟು ಹಿಡಿದಿದ್ದೆ. ದಾರ ಅಷ್ಟು ಸಡಿಲ ಬಿಡಬೇಡ ಎಂದು ತೋರಿಸಲು ಕೈ ಚಾಚಿದರೆ ಸಾಕು, ಮಾವ ಕೂಗುತ್ತಿದ್ದ.

"ಕೈ ಹಚ್ಚಬ್ಯಾಡಲೇ! ಅಕ್ಕ ಹೇಳ್ಯಾಳ, ಕೈ ಹಚ್ಚಬ್ಯಾಡ!"

ಬಿಸಿಲೇರಿತು. ಮೀನು ಬೆಂಡನ್ನು ಮುಟ್ಟಿ ನೋಡುತ್ತಿದ್ದವು, ಮಾವ ಎಳೆಯುವಷ್ಟರಲ್ಲಿ ಕಪ್ಪೆ ತಿಂದು ಹೋಗುತ್ತಿದ್ದವು. ನನ್ನ ಬೆರಳುಗಳು ಹುಟ್ಟಿನ ಮೇಲೆ ತಾಳ ಹಾಕುತ್ತಿದ್ದವು. ಈ ಮನುಷ್ಯನನ್ನು ಒಮ್ಮೆ ನೀರಿಗೆ ತಳ್ಳಿ ಮತ್ತೆ ಎತ್ತಿಕೊಳ್ಳೋಣವೇ ಎಂದೂ ಅನ್ನಿಸಿತು. ದೇವರಾಣೆ, ಅನ್ನಿಸಿತು.

ಆಪಿನ ಹುಲ್ಲು ಬೆಳೆದ ಮೂಲೆಗೆ ಹರಿಗೋಲು ತಿರುಗಿಸಿದೆ. ಸೂರ್ಯ ಎದುರಿಗಿದ್ದ, ನೀರು ಕಣ್ಣು ಕೋರೈಸುತ್ತಿತ್ತು. ಮಾವ ಗಾಳ ಬೀಸಿದ. ಕಪ್ಪೆ ನೀರಿಗೆ ಬಿತ್ತೋ ಇಲ್ಲವೋ, ಮರಲ ಅದನ್ನು ಹೊಡೆದ ರಭಸಕ್ಕೆ ಹರಿಗೋಲು ಅರ್ಧ ಸುತ್ತು ತಿರುಗಿತು. ಮಾವನಿಗೆ ಹೆದರಿಕೆಯೇ ಮರೆತುಹೋಯಿತು. ದಾರವನ್ನು ಮೊಣಕೈಗೆ ಸುತ್ತಿಕೊಂಡು, "ಬಂತು! ಮೊಮ್ಮಗನ ಪಾಲಿಂದು ಬಂತು!" ಎಂದು ಕಿರುಚಿದ. ಎಳೆದೆಳೆದು ಅದನ್ನು ಅಂಚಿಗೆ ತಂದೇಬಿಟ್ಟ. ತೊಡೆಗಾತ್ರದ ಮೀನು. ಹರಿಗೋಲು ತಿರುಗಿದ್ದರಿಂದ ಸೂರ್ಯ ಈಗ ಬೆನ್ನಿಗಿದ್ದ. ಆಗ ನನಗೆ ನೀರು ಕಂಡಿತು.

ಮೀನು ಇದ್ದ ಜಾಗದಲ್ಲಿ ನೀರು ಕೆಂಪಗೆ ಗಿಜಿಗುಡುತ್ತಿತ್ತು. ಮರಲದ ಮರಿಗಳು. ಹುಟ್ಟಿದ ಹೊಸದರಲ್ಲಿ ಅವು ಕೆಂಪಗಿರುತ್ತವೆ, ಗುಂಪುಗಟ್ಟಿ ನೀರಿನ ಮೇಲೆ ಬರುತ್ತವೆ. ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಹತ್ತಿರ ಏನು ಬಂದರೂ ಹಸಿವಿಲ್ಲದಿದ್ದರೂ ಮೇಲೆ ಬೀಳುತ್ತದೆ. ಅದಕ್ಕೇ ನಮ್ಮ ಕೆರೆಯಲ್ಲಿ ಎಂಥ ಪೋಲಿಯೂ ಮರಿ ಕಾಯುವ ಮರಲಕ್ಕೆ ಗಾಳ ಹಾಕುವುದಿಲ್ಲ. ಬಾಳೆತೋಟದ ಮಾವನಿಗೆ ಇದು ಹೇಗೆ ಗೊತ್ತಾಗಬೇಕು?

"ಬಿಡು ಮಾವಾ, ಅದು ಮರಿ ಕಾಯಾಕತ್ತದ! ಬಿಡು!"

"ಹುಚ್ಚ ಹಿಡದದೇನ? ನನ್ನ ಮಗಳ ಬಯಕಿಲೇ ಇದು!"

ಕಾವಲಿಲ್ಲದ ಮರಿಗಳು ಆಗಲೇ ಚೆದುರುತ್ತಿದ್ದವು. ನನಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಅವಳ ಬೆನ್ನು ಕಂಡಿತು. ಹುಟ್ಟು ಎಸೆದೆ. ಒಂದು ಕೈಯಿಂದ ದಾರ ಹಿಡಿದೆ, ಇನ್ನೊಂದರಿಂದ ಮೀನಿನ ಕಿವಿರು. ಮಾವ "ಕೈ, ಕೈ" ಎಂದು ಒದರುತ್ತಲೇ ಇದ್ದ. ಗಾಳ ಬಾಯಿಯ ಅಂಚಿಗಷ್ಟೇ ಕಚ್ಚಿತ್ತು. ಬಿಡಿಸಿದೆ. ಅಂಗೈಗೆ ರಕ್ತ ಮೆತ್ತಿತು. ಮೀನು ಬಾಲ ಬಡಿದು ಮುಳುಗಿತು.

ಮಾವ ನನ್ನ ಕೈ ನೋಡುತ್ತ ಕೂತುಬಿಟ್ಟ. ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು ಅವನ ಮುಖದಲ್ಲಿ. ನನಗೂ ಆಗಲೇ ಹೊಳೆದದ್ದು: ಮುಟ್ಟಿಬಿಟ್ಟೆ. ಇಷ್ಟು ತಿಂಗಳು ಕಾಯ್ದುಕೊಂಡ ಕೈ, ರಕ್ತವಾಗಿಬಿಟ್ಟಿತು. ಅಷ್ಟರಲ್ಲಿ ಚೆದುರಿದ ಮರಿಗಳು ಹುಲ್ಲಿನ ಬುಡದಲ್ಲಿ ಮತ್ತೆ ಒಂದಾಗತೊಡಗಿದವು. ಅವುಗಳ ಕೆಳಗೆ ಕಪ್ಪು ಬೆನ್ನೊಂದು ಬಂದು ನಿಂತಿತು. ಮಾವ ಅದನ್ನು ಬಹಳ ಹೊತ್ತು ನೋಡಿದ.

"ನಿಮ್ಮವ್ವಗ ಹೇಳಬ್ಯಾಡ," ಎಂದ ಕೊನೆಗೆ. "ಕೈ ತೊಳಕೊ."

ಮೀನು ಸಿಗಲಿಲ್ಲ ಎಂದು ಮಾವನೇ ಅವ್ವನಿಗೆ ಹೇಳಿದ. ಹೆಂಡತಿಗೆ ನಾನು ಹಿತ್ತಲಲ್ಲಿ ನಿಜ ಹೇಳಿದೆ. ಅವಳೆದುರು ಸುಳ್ಳು ನನಗೆ ದಕ್ಕುವುದಿಲ್ಲ. ನಿನ್ನ ಬಯಕೆ ತೀರಿಸಲಿಲ್ಲ, ಕಟ್ಟಳೆಯನ್ನೂ ಉಳಿಸಲಿಲ್ಲ ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ, ನಗುತ್ತಿದ್ದಳು.

"ನನಗ ಮೀನ ವಾಸನಿ ಬಂದ್ರ ಹೊಟ್ಟಿ ತೊಳಸ್ತದರೀ. ತಂದಿದ್ರ ಹ್ಯಾಂಗ ತಿನ್ನೂದಂತ ಹೆದರಿ ಕುಂತಿದ್ದೆ."

"ಮತ್ತ ಯಾಕ ಕೇಳಿದಿ?"

"ನೀವು ಮನ್ಯಾಗ ತಿರಗಾಡೂದು ನೋಡಾಕ ಆಗಲಿಲ್ಲ. ನೀರಿನ ಮ್ಯಾಲರ ಒಂದಿನ ಹೋಗಿ ಬರ್ಲಿ ಅಂದೆ." ಆಮೇಲೆ ನಗು ನಿಲ್ಲಿಸಿ ಕೇಳಿದಳು. "ಆ ಮೀನ ತನ್ನ ಮರಿ ಹಂತೇಕ ಹೋತಿಲ್ಲೊ?"

ಮರಿಗಳ ಬಳಿಗೆ ಹೋಯಿತು ಎಂದೆ. ಅವಳು ನನ್ನ ಅಂಗೈಯನ್ನು ತಿರುಗಿಸಿ ನೋಡಿ ಬಿಟ್ಟಳು.

ಅವಳು ಬಂಡಿ ಹತ್ತಿ ಕಮಲಾಪುರಕ್ಕೆ ಹೋದ ಮೇಲಿನ ದಿನಗಳಿಗೆ ಹೋಲಿಸಿದರೆ ಹಿಂದಿನ ವನವಾಸ ಹಬ್ಬ. ಗಿರಣಿಯಲ್ಲಿ ಎಳೆ ತುಂಡಾದರೆ ಒಂದರ ಬದಲು ಇನ್ನೊಂದಕ್ಕೆ ಕೂಡಿಸುತ್ತಿದ್ದೆ. ಬಿಡಿಸಲು ಮುಟ್ಟಿದ್ದು ಮುಟ್ಟಿದಂತೆಯೋ ಅಲ್ಲವೋ, ಯಾರನ್ನು ಕೇಳಲಿ? ಅವ್ವನನ್ನು ಕೇಳುವಂತಿರಲಿಲ್ಲ. ಕೈಯನ್ನು ಎಷ್ಟು ತೊಳೆದರೂ ಮೀನಿನ ಲೋಳೆ ಹೋಗಿಲ್ಲ ಎನ್ನಿಸುತ್ತಿತ್ತು. ಹರಿಗೋಲಿನ ಕಡೆ ತಿರುಗಿಯೂ ನೋಡಲಿಲ್ಲ.

ನೋವು ಶುರುವಾಗಿದೆ ಎಂದು ನಡುರಾತ್ರಿ ಮಾವನ ಆಳು ಬಂದು ಹೇಳಿದ. ಟಾಂಗಾ ಸಿಗುವ ತನಕ ಕಾಯುವ ತಾಳ್ಮೆ ಇಲ್ಲದೆ ನಡೆದೇ ಹೊರಟೆ. ಮಧ್ಯಾಹ್ನ ಮುಟ್ಟಿದಾಗ ಮಾವನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಹೆಂಗಸರು, ನನಗೆ ಒಳಗೆ ಹೋಗುವಂತಿಲ್ಲ. ತೋಟಕ್ಕೆ ಹೋದೆ. ಒಣಗಿದ ಬಾಳೆಎಲೆ ಹರಿದೆ, ಹರಿದದ್ದನ್ನು ಎಳೆ ಎಳೆ ಸೀಳಿದೆ, ಸೀಳಿದ್ದನ್ನು ಹುರಿ ಹೊಸೆದೆ. ಕೂಸಿನ ಅಳು ಕೇಳಿಸಿತು. ಎರಡನೆಯದು ಅತ್ತಿರಲಿಲ್ಲ. ನಿಂತಲ್ಲೇ ನಿಂತೆ, ಆ ಅಳು ನಿಂತುಬಿಟ್ಟರೆ ಎಂದು ಕಿವಿಗೊಟ್ಟೆ. ನಿಲ್ಲಲಿಲ್ಲ ಅದು. ಸಿಟ್ಟಿನಿಂದ ಅಳುತ್ತಲೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮಾವ ಹಳೆಯ ಸೀರೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದ. ಹೆಣ್ಣು. ತಾಯಿ ಆರಾಮ ಇದ್ದಾಳೆ ಎಂದ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆ. ಮುಖವೆಲ್ಲ ಕೆಂಪಗಿತ್ತು. ಮಾವ ನನ್ನ ಕೈಗಳನ್ನು ಹುಡುಕಿದ, ಆಮೇಲೆ ನನ್ನ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ತಗೋಲೇ," ಎಂದ. "ಈಗ ಕೈ ಹಚ್ಚು."