ವಕಾಲತ್ತಿನ ಮೊದಲ ಸಾಲು

ರೋಣದ ಕೋರ್ಟಿನಲ್ಲಿ ನನಗೆ ಒಬ್ಬಳೇ ಜೂನಿಯರ್ ಇದ್ದಳು. ಈಗ ಅವಳು ವಿರೋಧ ಪಕ್ಷದ ನಾಯಕಿ. ಅವಳಿಗೆ ಕಾರಿದೆ, ಕಾರಿನ ಮೂತಿಗೆ ಬಾವುಟವಿದೆ, ಬಾಗಿಲು ತೆಗೆಯಲು ಜನರಿದ್ದಾರೆ. ನಾನು ಇವತ್ತಿಗೂ ಗದಗಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಸೀಟಿಗಾಗಿ ಕಿಟಕಿಯಿಂದ ಟವೆಲ್ ಹಾಕುತ್ತೇನೆ. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದು ಕೇಳಿಕೊಂಡು ಬಂದವರಿಗೆ ಆಗುವುದಿಲ್ಲ ಎಂದಿದ್ದೆ. ಬರೆದರೆ ಇಂಥದ್ದನ್ನೇ ಬರೆಯಬೇಕಾಗುತ್ತದೆ.

ಚಿಕ್ಕನರಗುಂದದ ಹುಡುಗಿ, ರೋಣಕ್ಕೆ ಸೊಸೆಯಾಗಿ ಬಂದವಳು. ಮೊದಲ ದಿನ ಕೊರಳಿಗೆ ಬಿಳಿ ಬ್ಯಾಂಡು ಕಟ್ಟಿಕೊಳ್ಳಲು ಬಾರದೆ ನನ್ನ ಮುಂದೆ ಬಂದು ನಿಂತಳು. ಕಟ್ಟಿಕೊಟ್ಟೆ. ನ್ಯಾಯಾಧೀಶರು ತಲೆ ತಗ್ಗಿಸಿ ಬರೆಯುತ್ತಿದ್ದರೆ ತಲೆ ಎತ್ತುವ ತನಕ ಬಾಯಿ ಮುಚ್ಚಿಕೊಂಡಿರಬೇಕು, ಸಾಕ್ಷಿ ಅಳಲು ಶುರು ಮಾಡಿದರೆ ಮುಂದಿನ ಪ್ರಶ್ನೆ ತಡೆಹಿಡಿಯಬೇಕು, ಇದೆಲ್ಲ ನಾನು ಕಲಿಸಿದ್ದು. ಅವಳು ಬರೆದ ಅರ್ಜಿ ನೋಡಿದರೆ ಹಣೆ ಹಣೆ ಬಡಿದುಕೊಳ್ಳಬೇಕು ಅನ್ನಿಸುತ್ತಿತ್ತು. ಆದರೆ ಕಕ್ಷಿದಾರರು ಬಂದರೆ ಅವಳು ಕೋರ್ಟಿನ ಬೇವಿನ ಗಿಡದ ಕೆಳಗೆ ಅವರ ಜೊತೆ ನೆಲದ ಮೇಲೇ ಕುಳಿತುಬಿಡುತ್ತಿದ್ದಳು. "ಯವ್ವಾ, ಉಂಡು ಬಂದೀರೋ ಇಲ್ಲೋ?" ಎಂಬುದು ಅವಳ ಮೊದಲ ಪ್ರಶ್ನೆ. ನನ್ನ ಮೊದಲ ಪ್ರಶ್ನೆ, "ಕಾಗದ ತಂದೀರೇನು?" ಸ್ವಲ್ಪ ದಿನಕ್ಕೆ ನನ್ನನ್ನೇ ಹುಡುಕಿಕೊಂಡು ಬಂದವರು ನನ್ನ ಹೆಗಲ ಮೇಲಿಂದ ಇಣುಕಿ, "ಸಣ್ಣ ಬಾಯಾರು ಎಲ್ಲೆದಾರ್ರಿ?" ಎಂದು ಕೇಳತೊಡಗಿದರು. ನಮ್ಮ ಕಡೆ ಹೆಣ್ಣು ವಕೀಲರೆಂದರೆ ಬಾಯಾರು; ದೊಡ್ಡ ಬಾಯಾರು ನಾನು.

ಒಮ್ಮೆ ಗಜೇಂದ್ರಗಡದ ಮಗ್ಗದ ಹೆಣ್ಣುಮಕ್ಕಳ ಪಿಂಚಣಿ ನಿಂತಿತ್ತು. ನಾನು ನೋಟಿಸು ಬರೆದೆ, ಒಂದು ಅಲ್ಪವಿರಾಮ ತಪ್ಪದ ಹಾಗೆ. ಅವಳು ಆ ಹೆಂಗಸರನ್ನು ಕರೆದುಕೊಂಡು ಹೋಗಿ ತಹಶೀಲ್ದಾರ ಕಚೇರಿಯ ಮೆಟ್ಟಿಲ ಮೇಲೆ ಕುಳಿತಳು. ಪಿಂಚಣಿ ಬಂತು. ಬಂದದ್ದು ನನ್ನ ನೋಟಿಸಿನಿಂದ ಎಂದು ನಾನು ಈಗಲೂ ಹೇಳುತ್ತೇನೆ, ಕೇಳುವವರಿಲ್ಲ. ಆ ಮೆಟ್ಟಿಲ ಮೇಲಿನ ಭಾಷಣ ಕೇಳಿದ ವಿರೋಧ ಪಕ್ಷದವರು ಅವಳನ್ನು ಸಭೆಗಳಿಗೆ ಕರೆದರು, ಆಮೇಲೆ ಪುರಸಭೆಗೆ ನಿಲ್ಲಿಸಿದರು. ಗೆದ್ದಳು. ಪುರಸಭೆಯಲ್ಲಿ ಅವರ ಕಡೆ ಕೈ ಎತ್ತುವವರು ಬೆರಳೆಣಿಕೆಯ ಮಂದಿ. ಆದರೂ ಪ್ರತಿ ಸಭೆಯಲ್ಲಿ ಎದ್ದು ನಿಂತು ನೀರಿನ ಮಾತು ತೆಗೆಯುವವಳು ಅವಳೇ, ಮರುದಿನ ಎಲ್ಲರ ಮೊಬೈಲಿನಲ್ಲಿ ಓಡಾಡುವವಳೂ ಅವಳೇ.

ನಮ್ಮವ್ವ ಅಂಥದೊಂದು ವಿಡಿಯೋವನ್ನು ನನಗೇ ತೋರಿಸಿದಳು. "ಎಷ್ಟ್ ಚಂದ ಮಾತಾಡ್ತಾಳ ನೋಡ ನಿನ್ನ ಶಿಷ್ಯಾ. ನಿನಗ ಯಾಕ ಹಿಂಗ ಬರಂಗಿಲ್ಲ?"

"ಆಕಿ ಹೇಳಿದ ಕಾನೂನು ತಪ್ಪೈತಿ, ಅವ್ವಾ."

"ಇರ್ಲಿ ಬಿಡ," ಎಂದು ಅವ್ವ ಅದನ್ನು ಮತ್ತೆ ಮೊದಲಿನಿಂದ ಹಾಕಿದಳು.

ನನಗಿದ್ದದ್ದು ಒಂದೇ ಆಸೆ. ನಮ್ಮ ಕೋರ್ಟಿನ ಸರಕಾರಿ ವಕೀಲರ ಹುದ್ದೆ. ಅದು ಆಳುವ ಪಕ್ಷದವರು ಶಿಫಾರಸು ಮಾಡಿದವರಿಗೆ ಸಿಗುವುದು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಓಡಾಡಿ ಓಡಾಡಿ ಚಪ್ಪಲಿ ಸವೆದ ಮೇಲೆ ನರಗುಂದದ ಹಿರಿಯ ಮುಖಂಡರೊಬ್ಬರು ಕರೆದು ಹೇಳಿದರು: "ನಿಮ್ಮ ಹೆಸರು ಮ್ಯಾಲೆ ಹೋಗೈತ್ರಿ ಬಾಯಾರ. ಆದೇಶ ಬರೂತನಕ ಸ್ವಲ್ಪ ಸಂಭಾಳಿಸ್ಕೊಂಡು ಇರ್ರಿ." ಯಾರಿಂದ ದೂರ ಇರಬೇಕು ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳಿಂದ ದೂರ ಇರುವುದು ನನಗೇನು ಕಷ್ಟದ ಕೆಲಸವಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಖಾಲಿ ಕೊಡಗಳ ಹೆಂಗಸರನ್ನು ಕಟ್ಟಿಕೊಂಡು ಗಜೇಂದ್ರಗಡದ ರಸ್ತೆಯಲ್ಲಿ ಕುಳಿತಳು. ಬಸ್ಸುಗಳೆಲ್ಲ ನಿಂತವು. ಕತ್ತಲಾದ ಮೇಲೆ ಪೊಲೀಸರು ಅವಳನ್ನು ಎತ್ತಿಕೊಂಡು ಹೋದರು. ತನ್ನ ಎಳೆಗೂಸನ್ನು ಅತ್ತೆಯ ಕೈಗೆ ಕೊಟ್ಟು ಬಂದಿದ್ದಳಂತೆ. ಅದಕ್ಕೂ ಜನ "ಎಂಥಾ ಧೈರ್ಯ" ಎಂದರು. ನನ್ನ ಮಗನಿಗೆ ಜ್ವರ ಬಂದು ನಾನು ಬೇರೆ ತಾರೀಖು ಕೇಳಿದಾಗ ಇದೇ ಜನ "ಹೆಣ್ಣುಮಕ್ಕಳದು ಇದ್ದದ್ದೇ" ಎಂದು ಮುಖ ಸಿಂಡರಿಸಿದ್ದರು.

ನಮ್ಮ ವಕೀಲರಲ್ಲಿ ಒಂದು ರೂಢಿಯಿದೆ. ನಮ್ಮಲ್ಲೊಬ್ಬರು ಆರೋಪಿಯಾಗಿ ಬಂದರೆ ಪಕ್ಷ ಜಾತಿ ನೋಡದೆ ಎಲ್ಲರೂ ಅವರ ಪರವಾಗಿ ಒಂದೇ ವಕಾಲತ್ತಿಗೆ ಸಹಿ ಹಾಕುತ್ತೇವೆ. ಮೊದಲ ಸಾಲಿನಲ್ಲಿ ಸಹಿ ಹಾಕಿದವರು ಮಾತಾಡುತ್ತಾರೆ, ಉಳಿದವರು ಹಿಂದೆ ನಿಲ್ಲುತ್ತಾರೆ. ಮೊದಲ ಸಾಲು ಯಾವಾಗಲೂ ಸಂಘದ ಅಧ್ಯಕ್ಷರದು. ಮರುದಿನ ಬೆಳಿಗ್ಗೆ ಆ ಹಾಳೆ ನನ್ನ ಮೇಜಿಗೆ ಬಂದಾಗ ಕೆಳಗೆಲ್ಲ ಸಹಿಗಳಿದ್ದವು, ಮೊದಲ ಸಾಲು ಮಾತ್ರ ಖಾಲಿ.

"ಠಾಣೆಯಿಂದ ಆಕೀನ ಹೇಳಿ ಕಳಿಸ್ಯಾಳ್ರಿ," ಎಂದರು ಅಧ್ಯಕ್ಷರು. "ಮೊದಲನೇ ಸಾಲು ನಮ್ಮ ಅಕ್ಕಾರಿಗೆ ಬಿಡ್ರಿ ಅಂದಾಳ. ಗುರುಭಕ್ತಿ ಅಂದ್ರ ಹಿಂಗಿರಬೇಕು ನೋಡ್ರಿ."

ಗುಂಪಿನಲ್ಲಿ ಎಲ್ಲೋ ಕೆಳಗೆ ಸಹಿ ಹಾಕಿದ್ದರೆ ನರಗುಂದದವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಲ ಸಾಲಿಗೆ ಹಾಕಿದರೆ ಹುದ್ದೆ ಹೋದ ಹಾಗೆಯೇ. ಮೈ ಸರಿಯಿಲ್ಲ ಎಂದು ಮನೆಗೆ ಹೋಗಲು ಚೀಲ ಎತ್ತಿಕೊಂಡೆ. ಆಗ ಕಿಟಕಿಯ ಹೊರಗೆ ಅವಳ ಪಕ್ಷದವರ ಮಾತು ಕೇಳಿಸಿತು. ಫೋಟೋದವರನ್ನೂ ಕರೆತಂದಿದ್ದರು.

"ಆಕಿ ಜಾಮೀನು ತಗೊಳ್ಳಂಗಿಲ್ಲ, ಹೇಳಿ ಬಂದೀನಿ. ಒಂದ್ ನಾಕ್ ದಿನ ಜೈಲಿನ್ಯಾಗ ಇದ್ದು ಬರ್ಲಿ. ಮುಂದಿನ ಎಮ್ಮೆಲ್ಲೆ ಟಿಕೆಟ್ ಯಾರೂ ತಪ್ಪಸಂಗಿಲ್ಲ."

ಕಣ್ಣಮುಂದೆ ಎಲ್ಲ ಬಂದುಬಿಟ್ಟಿತು. ಜೈಲಿನ ಬಾಗಿಲಲ್ಲಿ ಹಾರ, ತೆರೆದ ಜೀಪು, ಆಮೇಲೆ ವಿಧಾನಸೌಧ. ಯಾವುದೋ ಉದ್ಘಾಟನೆಯಲ್ಲಿ ನಾನು ಎದ್ದು ನಿಂತು ಅವಳಿಗೆ ಕೈಮುಗಿಯುವುದು. ಚೀಲ ಕೆಳಗಿಟ್ಟು ಮೊದಲ ಸಾಲಿಗೆ ಸಹಿ ಹಾಕಿದೆ. ನನ್ನ ಹುದ್ದೆ ಹೋದರೆ ಹೋಗಲಿ, ಅವಳಿಗೆ ಜೈಲು ಸಿಗಬಾರದು.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಜಾಮೀನಿನ ಬಗ್ಗೆ ಕೇಳಿದರು. "ಕೊಡಂಗಿಲ್ರಿ. ನೀರು ಕೇಳಿದ್ದು ತಪ್ಪಲ್ರಿ," ಎಂದಳು ಅವಳು, ಹಿಂದಿನ ಬಾಗಿಲವರೆಗೂ ಕೇಳುವ ಹಾಗೆ. ಅವಳ ಪಕ್ಷದವರ ಮುಖ ಅರಳಿತು. ನಾನು ಎದ್ದೆ. ಜಾಮೀನಿನ ಪ್ರಶ್ನೆಯೇ ಬರುವುದಿಲ್ಲ ಸ್ವಾಮಿ, ಎಂದೆ. ಹೆಣ್ಣುಮಗಳನ್ನು ಹೊತ್ತು ಮುಳುಗಿದ ಮೇಲೆ ಬಂಧಿಸುವಂತಿಲ್ಲ, ಬಂಧಿಸಲೇಬೇಕಾದರೆ ಮಹಿಳಾ ಅಧಿಕಾರಿ ಬರೆದುಕೊಟ್ಟು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆಯಬೇಕು. ಬಂಧಿಸಿದ್ದು ಎಷ್ಟು ಹೊತ್ತಿಗೆ ಎಂದು ಪಿಎಸ್ಐಯವರನ್ನೇ ಕೇಳಬಹುದು.

ಪಿಎಸ್ಐ ಟೊಪ್ಪಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಕತ್ತಲಾಗಿತ್ತು ಎಂಬುದನ್ನು ಇಡೀ ರಸ್ತೆ ನೋಡಿತ್ತು. ಅಪ್ಪಣೆ ಕೊಡಬೇಕಾದವರು ಪೀಠದ ಮೇಲೇ ಕುಳಿತಿದ್ದರು. "ನನ್ನ ಹತ್ತಿರ ಯಾರೂ ಬಂದಿಲ್ಲವಲ್ಲ," ಎಂದರು ಅವರು. ಜಾಮೀನಿಲ್ಲ, ಮುಚ್ಚಳಿಕೆಯಿಲ್ಲ, ಹೋಗಬಹುದು ಎಂದು ಬಿಡುಗಡೆಯಾಯಿತು. ಫೋಟೋದವನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ. ಅವಳ ಪಕ್ಷದವರ ಜೋತುಬಿದ್ದ ಮುಖಗಳನ್ನು ನಾನು ಒಂದೊಂದಾಗಿ ನೋಡಿದೆ. ನನ್ನ ಇಡೀ ವಕೀಲಿಕೆಯಲ್ಲಿ ಯಾವ ದಾವೆ ಗೆದ್ದಾಗಲೂ ಅಷ್ಟು ಸುಖವಾಗಿರಲಿಲ್ಲ.

ಸುಖ ಒಂದು ದಿನದ್ದು. ಪತ್ರಿಕೆಯಲ್ಲಿ ಕಾನೂನು ಮೀರಿದ ಬಂಧನ ಎಂದು ದಪ್ಪಕ್ಷರದಲ್ಲಿ ಬಂತು, ಪಕ್ಕದಲ್ಲಿ ಅವಳ ನಗುಮುಖ. ವಾದ ಮಾಡಿದವರ ಬಗ್ಗೆ 'ವಕೀಲರು' ಎಂಬ ಒಂದು ಶಬ್ದವಿತ್ತು. ನರಗುಂದದಿಂದ ಫೋನ್ ಬಂತು. ಹಿರಿಯರು ಸಿಟ್ಟು ಮಾಡಲಿಲ್ಲ. "ಆತು ಬಿಡ್ರಿ ಬಾಯಾರ," ಎಂದು ಇಟ್ಟುಬಿಟ್ಟರು.

ಅಂದು ಸಂಜೆ ಅವಳು ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಬಾಗಿಲು ಎಳೆದುಕೊಂಡು, ಗೋಡೆಗೆ ಒರಗಿ ಕುಳಿತು, ಸೆರಗಿನ ಮರೆಯಲ್ಲಿ ಕೂಸಿಗೆ ಹಾಲು ಕೊಡತೊಡಗಿದಳು.

"ಅಕ್ಕಾರ, ಒಂದ್ ಮಾತು ಕೇಳ್ತೀನ್ರಿ. ನಾ ಜೈಲಿಗೆ ಹೋಗಬಾರ್ದು ಅಂತ ಬಿಡಿಸಿದ್ರೋ, ಹೋಗಿ ದೊಡ್ಡಾಕಿ ಆಗಬಾರ್ದು ಅಂತ ಬಿಡಿಸಿದ್ರೋ?"

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ದೊಡ್ಡಾಕಿ ಆಗಬಾರ್ದು ಅಂತ," ಎಂದೆ.

"ಗೊತ್ತಿತ್ರಿ," ಎಂದಳು, ಏನೂ ಬೇಜಾರಿಲ್ಲದೆ. "ಪಕ್ಷದವ್ರು ಜೈಲಿಗೆ ಹೋಗಾಕ ಬೇಕು ಅಂತ ಹಟಾ ಹಿಡಿದಿದ್ರು. ಈ ಕೂಸು ಇನ್ನೂ ಎದಿಹಾಲು ಬಿಟ್ಟಿಲ್ಲ. ನಾ ಒಲ್ಲೆ ಅಂದಿದ್ರ ಅಂಜಿದ್ಲು ಅಂತಿದ್ರು. ಅಧ್ಯಕ್ಷರು ನಿಂತಿದ್ರ ನಾ ಜಾಮೀನು ಬ್ಯಾಡ ಅಂದ ಕೂಡ್ಲೇ ಸುಮ್ಮನಾಗ್ತಿದ್ರು. ನನ್ನ ಮಾತು ಮೀರಿ ನನ್ನ ಹೊರಗ ತರುವಂಥಾವ್ರು ನೀವೊಬ್ರ ಇದ್ರಿ. ಅದಕ್ಕ ಮೊದಲನೇ ಸಾಲು ಬಿಡಿಸಿದ್ದೆ."

"ನನ್ನ ಸರಕಾರಿ ವಕೀಲಿ ಹೋಕ್ಕೈತಿ ಅಂತ ಗೊತ್ತಿತ್ತೇನು?"

ಅವಳು ಕೂಸಿನ ತಲೆಗೂದಲು ಸರಿಮಾಡಿದಳು. "ಗೊತ್ತಿತ್ರಿ."

ಹಿಡಿದು ಹೊರಗೆ ಹಾಕುವಷ್ಟು ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.